ಹಿಂದಿನ ಸೀಟಿನ ಭಾರ

ಆ ಸದ್ದು ನಾನು ಕಾರಿನಲ್ಲಿದ್ದಾಗ ಮಾತ್ರ ಬರುತ್ತದೆ. ನನ್ನ ಗಂಡ ವೇಡ್ ಒಬ್ಬನೇ ಓಡಿಸಿದರೆ ಇಲ್ಲ. ನಾನೂ ನಾಲ್ಕು ವರ್ಷದ ಮಗಳು ಹ್ಯಾಟಿಯೂ ಹಿಂದಿನ ಸೀಟಿನಲ್ಲಿ ಕೂತು, ಕಾರು ಸಕ್ಕರೆ ಕಾರ್ಖಾನೆಯ ಹತ್ತಿರದ ರೈಲು ಹಳಿ ದಾಟುವಾಗ, ಬಲಗಡೆಯ ಹಿಂದಿನ ಚಕ್ರದಿಂದ ದಪ್ಪ ಬಟ್ಟೆ ಹರಿದ ಹಾಗೆ ಸರ್ರ್ ಎನ್ನುತ್ತದೆ. ಒಂದೇ ಕ್ಷಣ.

"ನಂಗೇನೂ ಕೇಳಿಸ್ಲಿಲ್ವಲ್ಲ" ಎನ್ನುತ್ತಾನೆ ವೇಡ್.

ಆ ಎಂಜಿನ್ನಿನ ಅಬ್ಬರದಲ್ಲಿ ಅವನಿಗೆ ತನ್ನ ಮಾತೇ ಕೇಳಿಸುವುದಿಲ್ಲ, ಇದು ಹೇಗೆ ಕೇಳೀತು. ಶನಿವಾರ ಹಳೇ ಕಾರುಗಳ ಮೇಳ. ಹೆದ್ದಾರಿಯಲ್ಲಿ ಅರವತ್ತು ಮೈಲಿ ದೂರ, ಹ್ಯಾಟಿಯನ್ನು ಕರೆದುಕೊಂಡು. ಹೆದ್ದಾರಿಯ ವೇಗದಲ್ಲಿ ಟೈರು ಹರಿದರೆ ಏನಾಗುತ್ತದೆ ಎಂದು ಯೋಚಿಸಬಾರದು ಎಂದುಕೊಳ್ಳುತ್ತೇನೆ. ಪಾತ್ರೆ ತೊಳೆಯುವಾಗ, ಹ್ಯಾಟಿಯ ಕಾಲುಚೀಲ ಹುಡುಕುವಾಗ, ಅದನ್ನೇ ಯೋಚಿಸುತ್ತಿರುತ್ತೇನೆ.

ಆ ಚಕ್ರಗಳನ್ನು ಹಾಕಿದವರು ಆರ್ವಿಲ್ ಪ್ರೂಯಿಟ್.

ಆರ್ವಿಲ್‌ಗೆ ಎಪ್ಪತ್ಮೂರು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಕಾರು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಕಾರಿನ ಬಾಗಿಲಿಗೂ ಸುತ್ತಲಿನ ತಗಡಿಗೂ ನಡುವಿನ ಸಂದು ಸರಿಯಾಗಿದೆಯೇ ಎಂದು ನೋಡುವುದು ಅವರ ಕೆಲಸವಾಗಿತ್ತು. ಎಡಗೈ ಉಂಗುರದ ಬೆರಳು ಅರ್ಧವೇ ಇದೆ. ಉಳಿದರ್ಧವನ್ನು ಯಂತ್ರ ತಿಂದಿತು. ಈಗಲೂ ಅವರು ಅಳೆಯುವುದು ಬೆರಳಿನಲ್ಲೇ. ಒಂದು ಬೆರಳು, ಒಂದೂವರೆ ಬೆರಳು. ಮೊದಲ ಪಾಳಿಯ ಅಭ್ಯಾಸ ಬಿಡದೆ ಸಂಜೆ ನಾಲ್ಕೂವರೆಗೇ ರಾತ್ರಿ ಊಟ ಮಾಡುತ್ತಾರೆ. ಸ್ಯಾಗಿನಾ ಊರಿನ ನಮ್ಮ ಕಡೆ ಯಾರಿಗೇ ಹಳೇ ಕಾರಿಗೆ ಅಗಲದ ಚಕ್ರ ಬೇಕೆಂದರೂ ಅವರ ಗ್ಯಾರೇಜಿಗೇ ಹೋಗುತ್ತಾರೆ. ಆರು ವರ್ಷದ ಹಿಂದೆ ಒಬ್ಬ, "ಒಂದ್ಸಲ ಸ್ಕೇಲ್ ಇಟ್ಟು ನೋಡ್ಬಾರ್ದಾ?" ಎಂದನಂತೆ. ಇವತ್ತಿಗೂ ಅವನ ಹತ್ತಿರ ಮಾತಿಲ್ಲ.

ನಮ್ಮದು ಅರವತ್ತೊಂಬತ್ತನೇ ಇಸವಿಯ ಪ್ಲಿಮತ್ ಸ್ಯಾಟಲೈಟ್ ಕಾರು. ಹಸಿರು ಬಣ್ಣ, ಎರಡೇ ಬಾಗಿಲು. ಅಷ್ಟು ದಪ್ಪ ಮೈಗೆ ಸಣಕಲು ಕಾಲು ಎಂದು ವೇಡ್‌ಗೆ ಮೊದಲಿನಿಂದ ಕೊರಗು. ಮೇ ತಿಂಗಳಲ್ಲಿ ಆರ್ವಿಲ್ ಎರಡು ಶನಿವಾರ ಕೂತು ಅಗಲದ ರಿಮ್ಮು, ಹತ್ತಿಂಚಿಗೂ ಮೀರಿದ ಅಗಲದ ಟೈರು ಹಾಕಿಕೊಟ್ಟರು. ಮಡ್‌ಗಾರ್ಡಿನ ಒಳಅಂಚು ಟೈರಿಗೆ ತಾಗುತ್ತಿತ್ತು. ನಡುವೆ ಬೇಸ್‌ಬಾಲ್ ಬ್ಯಾಟು ತುರುಕಿ, ಕಾರನ್ನು ಹಿಂದೆ ಮುಂದೆ ತಳ್ಳಿಸಿ, ಅಂಚನ್ನು ಮೇಲಕ್ಕೆ ಮಡಚಿದರು. ನನ್ನ ಎದುರಿಗೇ. ಚಿಕಾಗೋದಲ್ಲಿ ಓದಿ ಬೆಳೆದವಳು ನಾನು. ಆಟದ ಬ್ಯಾಟಿನಲ್ಲಿ ಕಾರು ರಿಪೇರಿ ಮಾಡುವುದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ.

"ಹೆದರ್ಕೋಬೇಡ ಮಗೂ" ಎಂದರು ಆರ್ವಿಲ್. "ಕಾರಿಗೆ ನೋವಾಗಲ್ಲ."

"ಕಾರಿಗಲ್ಲ, ಅದರೊಳಗೆ ಕೂರೋರಿಗೆ."

"ಮೊದಲು ಆ ಪೈ ಹಿಟ್ಟು ತೆಳ್ಳಗೆ ಲಟ್ಟಿಸೋದು ಕಲಿ. ಆಮೇಲೆ ನನ್ನ ಕೆಲಸ ನೋಡುವೆಯಂತೆ."

ನಾನು ಮಾಡಿಕೊಟ್ಟ, ಹಣ್ಣು ತುಂಬಿದ ಚೆರ್ರಿ ಪೈ ಅದು. ನಿಂತಲ್ಲೇ ಅರ್ಧ ಮುಗಿಸಿದ್ದರು. ಹಳೆಯ ಸಣ್ಣ ಚಕ್ರಗಳನ್ನು ಇಡಲು ನಮ್ಮಲ್ಲಿ ಜಾಗವಿಲ್ಲವೆಂದು ವೇಡ್ ಅವರ ಗ್ಯಾರೇಜಿನಲ್ಲೇ ಬಿಟ್ಟು ಬಂದ. ನನಗೆ ಆಗಲೇ ಸರಿಬರಲಿಲ್ಲ. ಕಾರಿನ ಜೊತೆಗೇ ಬಂದ ಅಂಥ ಅಸಲಿ ಚಕ್ರಗಳಿಗಾಗಿ ಜನ ಊರೂರು ಅಲೆಯುತ್ತಾರೆ.

ಈ ಮಂಗಳವಾರ, ವೇಡ್ ಕೆಲಸಕ್ಕೆ ಹೋಗಿದ್ದ. ಹ್ಯಾಟಿಗೆ ಸೇಬು ಹೆಚ್ಚುತ್ತಾ ಅಡಿಗೆಮನೆಯ ಕಿಟಕಿಯಲ್ಲಿ ನೋಡುತ್ತೇನೆ: ಆರ್ವಿಲ್‌ರ ಪಿಕಪ್ಪು ನಾಲ್ಕು ಮನೆ ಆಚೆ ನಿಂತಿದೆ. ನಮ್ಮ ಮನೆ ಮುಂದೆ ಬೇಕಾದಷ್ಟು ಜಾಗವಿದೆ. ಅವರು ನಡೆದು ಬಂದು, ಆಚೀಚೆ ನೋಡಿ, ನಮ್ಮ ಕಾರಿನ ಹೊದಿಕೆಯನ್ನು ಎತ್ತಿದರು. ಬಲಗಡೆಯ ಹಿಂದಿನ ಮಡ್‌ಗಾರ್ಡಿನೊಳಗೆ ಕೈ ಹಾಕಿ ತಡವಿ, ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಕರ್ಚೀಫಿನಲ್ಲಿ ಒರೆಸಿ, ಹೊದಿಕೆ ಮುಚ್ಚಿ, ಬಾಗಿಲು ಕೂಡ ತಟ್ಟದೆ ಹೋದರು.

ಹಳೇ ಕಾರಿನ ಈ ಜನರಲ್ಲಿ ಒಬ್ಬರ ಕಾರನ್ನು ಇನ್ನೊಬ್ಬರು ಕೇಳದೆ ಮುಟ್ಟುವುದಿಲ್ಲ. ಮೇಳದಲ್ಲಿ ಮಕ್ಕಳಿಗೂ ಕೈ ಹಿಂದೆ ಕಟ್ಟಿಕೊಂಡು ನೋಡಿ ಎಂದು ಹೇಳಿರುತ್ತಾರೆ. ಹ್ಯಾಟಿಗೆ ಅದನ್ನು ಕಲಿಸಿದವರೇ ಆರ್ವಿಲ್. ಅವರೇ ಕದ್ದು ಬಂದು ಮುಟ್ಟಿದರೆ ಏನೆಂದು ತಿಳಿಯಬೇಕು? ಅವರ ಪಿಕಪ್ಪು ನಮ್ಮ ಮನೆ ದಾಟುವಾಗ ಇನ್ನೊಂದೂ ಕಾಣಿಸಿತು. ಹಿಂದೆ ಟಾರ್ಪಾಲಿನಡಿ ಎರಡು ದುಂಡನೆಯ ವಸ್ತುಗಳಿದ್ದವು. ನಮ್ಮ ಹಳೇ ಚಕ್ರಗಳು ಮಾರಾಟಕ್ಕೆ ಹೊರಟವು ಎಂದುಕೊಂಡೆ.

ವೇಡ್ ಬಂದ ಮೇಲೆ ಎಲ್ಲ ಹೇಳಿದೆ. ಅವನು ನಕ್ಕ. "ಆರ್ವಿಲ್ ಕಳ್ಳ ಆದ್ರೆ ನಾನು ಪಾದ್ರಿ."

"ಹಾಗಾದ್ರೆ ಯಾಕೆ ಹಾಗೆ ಬಂದ್ರು? ಫೋನ್ ಮಾಡಿ ಕೇಳು."

"ನಾನು ಕೇಳಲ್ಲ ಕಣೇ. ಕೆಲಸ ಸರಿ ಮಾಡಿದೀರಾ ಅಂತ ಅವರನ್ನ ಕೇಳೋದಾ? ಇನ್ನು ಆರು ವರ್ಷ ನನ್ಹತ್ರ ಮಾತಾಡಲ್ಲ. ನೀನೂ ಕೇಳ್ಬೇಡ."

ಇಬ್ಬರೂ ಸೇರಿ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಅಂದಿನಿಂದ ಹತ್ತಿಕೊಂಡಿತು. ಬುಧವಾರ ಎರಡು ಸಲ ಫೋನು ಕೈಗೆತ್ತಿಕೊಂಡೆ, ಎರಡು ಸಲ ಕೆಳಗಿಟ್ಟೆ.

ಗುರುವಾರ ದಿನಸಿ ಅಂಗಡಿಯಲ್ಲಿ ಆರ್ವಿಲ್‌ರ ಹೆಂಡತಿ ಲೋರ್ನಾ ಸಿಕ್ಕರು. ಹ್ಯಾಟಿಯ ಕೆನ್ನೆ ಹಿಂಡಿ, ಮೆಲ್ಲಗೆ ನನ್ನ ಕಡೆ ಬಾಗಿದರು.

"ಬೇಜಾರು ಮಾಡ್ಕೋಬೇಡ ಚಿನ್ನಾ, ನೀನೆಷ್ಟು ತೂಕ ಇದೀಯ?"

"ಏನಂದ್ರಿ?"

"ನಾನಲ್ಲ, ನಮ್ಮ ಮುದುಕ ಕೇಳ್ತಿದ್ದ. ನಿನ್ನ ತೂಕ ಎಷ್ಟಿರಬಹುದು, ಮಗೂದೆಷ್ಟು, ಅದರ ಸೀಟಿಂದೆಷ್ಟು ಅಂತ. ಮಂಗಳವಾರದಿಂದ ಊಟ ಸರಿಯಾಗಿ ಮಾಡ್ತಿಲ್ಲ. ಏನಾಯ್ತು ಅಂದ್ರೆ ನನ್ನ ಮೇಲೇ ರೇಗ್ತಾನೆ."

ಹೆರಿಗೆಯಾದ ಮೇಲೆ ಮೈ ಇಳಿದಿಲ್ಲ ಎಂಬುದನ್ನು ಎರಡು ಬೀದಿ ಆಚೆಯ ಮುದುಕರೂ ಮಾತಾಡಿಕೊಳ್ಳುತ್ತಾರೆಯೇ ಎಂದು ಉರಿದುಕೊಂಡೇ ಮನೆಗೆ ಬಂದೆ. ಹ್ಯಾಟಿಯನ್ನು ಟೀವಿ ಮುಂದೆ ಕೂರಿಸಿ, ನೀರಿನ ಗಡಸು ತೆಗೆಯುವ ಯಂತ್ರಕ್ಕೆಂದು ತಂದ ಉಪ್ಪಿನ ಚೀಲಗಳನ್ನು ನಾನು ದಿನಾ ಓಡಿಸುವ ಇನ್ನೊಂದು ಕಾರಿನಿಂದ ಇಳಿಸುತ್ತಿದ್ದೆ. ನಾಲ್ಕು ಚೀಲ, ಒಂದೊಂದೂ ನಲವತ್ತು ಪೌಂಡು. ಎರಡನೆಯ ಚೀಲ ಎತ್ತುವಾಗ ಆ ಕಾರಿನ ಹಿಂಭಾಗ ಒಂದಿಷ್ಟು ಮೇಲೆದ್ದದ್ದು ಕಣ್ಣಿಗೆ ಬಿತ್ತು.

ಹಾಗಾದರೆ ಹಿಂದೆ ಭಾರ ಕೂತಾಗ ಅದು ತಗ್ಗುತ್ತದೆ.

ಸ್ಯಾಟಲೈಟಿನ ಹೊದಿಕೆ ಸರಿಸಿ, ಆರ್ವಿಲ್ ಮಾಡಿದಂತೆಯೇ ಬಲಗಡೆಯ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕೈ ಹಾಕಿದೆ. ಎರಡು ಬೆರಳು ಸಲೀಸಾಗಿ ಹೋದವು. ಮುಂದಿನ ಸೀಟು ಬಗ್ಗಿಸಿ, ಹ್ಯಾಟಿಯ ಸೀಟಿನ ಪಕ್ಕ ಒಂದೊಂದಾಗಿ ನಾಲ್ಕೂ ಚೀಲಗಳನ್ನು ಹಿಂದಿನ ಸೀಟಿಗೆ ಎಳೆದು ಹಾಕಿದೆ. ಬೆನ್ನು ಹಿಡಿದುಕೊಂಡಿತು. ಮತ್ತೆ ಬೆರಳು ಹಾಕಿದರೆ ಒಂದೇ ಬೆರಳು, ಅದೂ ಬಿಗಿಯಾಗಿ. ಒಳಗೆ, ಮಡಚಿದ ಅಂಚು ಒಂದು ಕಡೆ ಸರಿಯಾಗಿ ಮಡಚಿಕೊಳ್ಳದೆ ಚೂಪಾಗಿ ಉಳಿದಿತ್ತು. ಬೆರಳು ಹೊರತೆಗೆದಾಗ ತುದಿಯಲ್ಲಿ ಕರಿ ರಬ್ಬರಿನ ಪುಡಿ. ಬಗ್ಗಿ ನೋಡಿದೆ. ಟೈರಿನ ಹೊರ ಅಂಚಿನಲ್ಲಿ ಸುತ್ತಲೂ ಕೂದಲೆಳೆಯಂಥ ಗೀರು.

ಆರ್ವಿಲ್ ಅಳೆದದ್ದು ಖಾಲಿ ಕಾರನ್ನು. ಅವರ ಗ್ಯಾರೇಜಿಗೆ ಬರುವ ಕಾರುಗಳ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಅವೆಲ್ಲ ಒಬ್ಬ ಗಂಡಸು ಕಿಟಕಿಗೆ ಮೊಣಕೈ ಊರಿ ಓಡಿಸುವ ಕಾರುಗಳು. ಹೆಂಡತಿ ಬಂದರೆ ಮುಂದೆ, ಪಕ್ಕದಲ್ಲಿ. ಹಿಂದೆ ಮಗುವಿನ ಸೀಟು ಕಟ್ಟಿ, ಜೊತೆಗೆ ತಾಯಿಯೂ ಕೂರುವ ಕಾರು ನಮ್ಮದೊಂದೇ ಇರಬೇಕು.

ಕೈ ತೊಳೆಯಲಿಲ್ಲ. ಕರಿ ಬೆರಳಿನಲ್ಲೇ ನಂಬರು ಒತ್ತಿದೆ. ಮೊದಲ ಗಂಟೆಗೇ ಎತ್ತಿದರು.

"ಆರ್ವಿಲ್, ನಾನು, ವೇಡ್ ಹೆಂಡ್ತಿ. ನೀವು ಅಳತೆ ಮಾಡ್ದಾಗ ಹಿಂದಿನ ಸೀಟಲ್ಲಿ ಯಾರನ್ನಾದ್ರೂ ಕೂರಿಸಿದ್ರಾ?"

ಆ ಕಡೆ ಕುರ್ಚಿ ಎಳೆದ ಸದ್ದು.

"ಇಲ್ಲ" ಎಂದರು. "ಮೂವತ್ತೊಂದು ವರ್ಷ ಸಂದು ನೋಡಿದೋನು. ಇದು ನೋಡ್ಲಿಲ್ಲ."

"ಮಂಗಳವಾರ ಬಂದಿದ್ರಿ. ನಾನು ನೋಡ್ದೆ."

"ನೋಡಿರ್ತೀಯ ಅಂದ್ಕೊಂಡೆ. ನೀವಿಬ್ರೂ ಹಿಂದೆ ಕೂತು ಹೋಗೋದು ಕಂಡು ಅನುಮಾನ ಬಂದಿತ್ತು. ಬಾಗಿಲು ತಟ್ಟೋಕೆ ಕೈ ಬರ್ಲಿಲ್ಲ ಮಗೂ. ನೀನೂ ಭಾರ ಇಟ್ಟು ನೋಡಿದೀಯ ಅನ್ಸತ್ತೆ, ಹಿಂದೆ ಎಷ್ಟು ಹಾಕಿದೀಯ?"

"ನಾಲ್ಕು ಚೀಲ ಉಪ್ಪು. ನೂರ ಅರವತ್ತು."

"ಸಾಲ್ದು, ಅಲ್ವಾ?"

"ಸಾಲ್ದು. ನಮ್ಮಿಬ್ಬರ ತೂಕಕ್ಕೆ ಇನ್ನೂ ಐವತ್ತು ಸೇರಿಸ್ಕೊಳ್ಳಿ."

ಅವರು ನಗಲಿಲ್ಲ. ನಾನು ಬಿಡಲೂ ಇಲ್ಲ. "ನಮ್ಮ ಹಳೇ ಚಕ್ರಗಳು ಎಲ್ಲಿವೆ?"

"ಹಿಂದಿನವೆರಡೂ ಪಿಕಪ್‌ನಲ್ಲೇ ಇವೆ. ಮಂಗಳವಾರದಿಂದ ಇಳಿಸಿಲ್ಲ. ವೇಡ್ ಬರೋದ್ರೊಳಗೆ ಬದಲಾಯಿಸಿಬಿಡ್ತೀನಿ. ಶನಿವಾರ ಸಣಕಲು ಕಾಲಲ್ಲೇ ಹೋಗಿ."

"ವೇಡ್ ಬಂದ ಮೇಲೇ ಬದಲಾಯ್ಸಿ" ಎಂದೆ. "ಅವನೂ ನೋಡ್ಲಿ."

"ಆಯ್ತು. ಚೀಲ ಇಳಿಸಬೇಡ, ಹಾಗೇ ಇರ್ಲಿ. ಬರ್ತಾ ಸ್ಕೇಲ್ ತರ್ತೀನಿ."