ಸೀಲ್ ಒಡೆದ ಮೊದಲ ಸಂಚಿಕೆ

ಕೋವಿಡ್ ಎರಡನೇ ಅಲೆಯ ಮರುವರ್ಷ. ನಾನಾಗ ಬೆಂಗಳೂರಿನಲ್ಲಿ ಹಳೆಯ ಕಾಮಿಕ್ಸ್‌ಗಳಿಗೆ ಬೆಲೆ ಕಟ್ಟುವ ಕೆಲಸದಲ್ಲಿದ್ದೆ. ಸಂಗ್ರಹ ಮಾರುವವರ ಮನೆಗೆ ಹೋಗಿ ಪುಸ್ತಕಗಳನ್ನು ಪರೀಕ್ಷಿಸುವುದು, ಕೊಳ್ಳುವವರನ್ನು ಗೊತ್ತುಮಾಡುವುದು. ಆ ವರ್ಷ ಕರೆಗಳೆಲ್ಲ ಹೆಚ್ಚಾಗಿ ಸಾವಾದ ಮನೆಗಳಿಂದಲೇ ಬರುತ್ತಿದ್ದವು. ಸಂತಾಪದ ಎರಡು ಮಾತಾಡಿ, ಪುಸ್ತಕಗಳು ಎಲ್ಲಿವೆ ಎಂದು ಕೇಳುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಯಸಳೂರಿನಿಂದ ಕರೆ ಮಾಡಿದವರು ಐರಿನ್ ಬಾಯಿ. ಅಲ್ಲಿ ಕಾಫಿ ಎಸ್ಟೇಟ್ ನಡೆಸುತ್ತಿದ್ದ ಅವರ ಗಂಡ ವಾಲ್ಟರ್ ನನ್ನ ಹಳೆಯ ಗಿರಾಕಿ. ಎರಡನೇ ಅಲೆಯಲ್ಲಿ ಅವರು ಆಸ್ಪತ್ರೆಯಲ್ಲೇ ತೀರಿಕೊಂಡಾಗ ಹೆಂಡತಿಗೆ ಮುಖ ನೋಡಲೂ ಆಗಿರಲಿಲ್ಲ.

ಬಸ್ ಸ್ಟ್ಯಾಂಡಿನಿಂದ ನನ್ನನ್ನು ಜೀಪಿನಲ್ಲಿ ಕರೆದೊಯ್ದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಂಜಣ್ಣ ದಾರಿಯಲ್ಲೇ ಹೇಳಿದ: “ಸಾಹೇಬ್ರು ಹೋದಾಗ್ಲಿಂದ ಅಮ್ಮ ಒಂದ್ ಹನಿ ಕಣ್ಣೀರ್ ಹಾಕಿಲ್ಲ ಕಣ್ರೀ. ನೆಂಟ್ರೆಲ್ಲ ಏನೇನೋ ಆಡ್ಕೊಂಡ್‌ಬುಟ್ರು.”

ವಾಲ್ಟರ್ ಕೂಡಿಸಿದ್ದು ನಮ್ಮ ದೇಶದಲ್ಲೇ ಅಚ್ಚಾದ ಒಂದೇ ಇಂಗ್ಲಿಷ್ ಕಾಮಿಕ್ಸ್ ಸರಣಿ. ಜ್ವರವೊಂದಕ್ಕೆ ಲೋಕವೇ ಬರಿದಾದ ಮೇಲೆ ಬದುಕುಳಿದವರ ಕಥೆ. ಪ್ರಕಾಶನ ಮುಚ್ಚಿಹೋಗಿ ಮರುಮುದ್ರಣ ಆಗಿರಲಿಲ್ಲ. ಅದರಲ್ಲಿ ಇಳಾ ಎಂಬ ಹೆಂಗಸು ನಾಲ್ಕನೇ ಸಂಚಿಕೆಗೆ ಸಾಯಬೇಕಿದ್ದ ಸಣ್ಣ ಪಾತ್ರವಂತೆ. ಓದುಗರು ಬಿಡಲಿಲ್ಲ, ಕೊನೆತನಕ ಉಳಿದಳು. ಅವಳು ಮೊದಲು ಕಾಣಿಸಿಕೊಂಡ ಒಂದನೇ ಸಂಚಿಕೆಗೆ ಸಂಗ್ರಾಹಕರು ಮುಗಿಬೀಳುತ್ತಿದ್ದರು. ವಾಲ್ಟರ್ ಅವರ ಬಳಿಯಿದ್ದ ಪ್ರತಿ ‘ಸ್ಲ್ಯಾಬ್’ ಆಗಿತ್ತು. ಅಂದರೆ ದರ್ಜೆ ಕೊಡುವ ಸಂಸ್ಥೆ ಅದನ್ನು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಸೀಲ್ ಮಾಡಿ, ಹತ್ತಕ್ಕೆ 9.6 ಅಂಕ ಕೊಟ್ಟಿತ್ತು. ಕವಚ ಒಡೆದರೆ ಅಂಕ ರದ್ದು.

ಊಟದ ಮೇಜಿನ ಮೇಲೆ ನಾನು ಅದನ್ನು ಬೇರೆಯಾಗಿ ಇಟ್ಟೆ. ಐರಿನ್ ಬಾಯಿ ಮುಖಪುಟವನ್ನೇ ನೋಡುತ್ತ ಕೂತಿದ್ದರು.

“ಇದರಲ್ಲಿ ಕಥೆ ಎಂಥದ್ದು?”

“ಇಳಾ ಮೊದಲು ಬರೋದು ಇದರಲ್ಲೇ ಮೇಡಂ. ಬಹಳ ಅಪರೂಪದ ಪ್ರತಿ.”

“ಅದಲ್ಲ. ಅವಳಿಗೆ ಎಂಥ ಆಗ್ತದೆ?”

ನನಗೆ ಗೊತ್ತಿರಲಿಲ್ಲ. ಅದರ ಎರಡು ಮೂರು ಪ್ರತಿಗಳು ನನ್ನ ಕೈ ದಾಟಿದ್ದವು. ಎಲ್ಲವೂ ಸೀಲ್ ಆದವೇ.

“ಬಿಚ್ಚಿ” ಎಂದರು.

ಒಡೆದರೆ ಬೆಲೆ ಬಿದ್ದುಹೋಗುತ್ತದೆ, ಕೊಳ್ಳಲು ಆಗಲೇ ಒಪ್ಪಿರುವ ಗಿರಾಕಿ ಹಿಂದೆ ಸರಿಯುತ್ತಾನೆ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಗೊತ್ತಾಯ್ತು ಮಾರಾಯ್ರೇ. ಬಿಚ್ಚಿ.”

ಮಂಜಣ್ಣ ಸ್ಕ್ರೂಡ್ರೈವರ್ ತಂದುಕೊಟ್ಟ. ಪುಟಗಳಿಗೆ ತಾಗದಂತೆ ಮೂಲೆಯಲ್ಲಿ ಮೀಟಿದೆ. ಕವಚ ಚಟ್ಟೆಂದು ಬಾಯಿ ಬಿಟ್ಟಿತು.

ಐರಿನ್ ಬಾಯಿ ನಿಧಾನವಾಗಿ ಓದಿದರು. ಇಳಾ ಬರುವುದು ಕೊನೆಯ ಎರಡು ಪುಟಗಳಲ್ಲಿ. ಬೀದಿಯ ತುಂಬ ಹೆಣಗಳು. ಅವಳು ಯಾರದೋ ಮನೆಗೆ ನುಗ್ಗಿ, ಅಕ್ಕಿ ಹುಡುಕಿ, ಒಲೆ ಹಚ್ಚಿ, ಗಂಜಿ ಬೇಯಿಸಿ ಉಣ್ಣುತ್ತಾಳೆ. ಒಂದು ಮಾತೂ ಇಲ್ಲ.

“ಅಳುವುದಿಲ್ಲ ಇವಳು” ಎಂದರು ಐರಿನ್ ಬಾಯಿ. ಪುಸ್ತಕ ಮುಚ್ಚಿಟ್ಟು, “ಅವರು ಹೋದ ದಿನ ನಾನೂ ಗಂಜಿ ಬೇಯಿಸಿದೆ. ಉಂಡೆ. ಜನ ನೋಡಿದರು” ಎಂದರು.

ದನಿಯಲ್ಲಿ ಏರಿಳಿತವಿರಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ. ಅನ್ನಿಸದೆ ಎಷ್ಟು ಕಾಲವಾಯಿತು ಎಂಬುದಷ್ಟೇ ಹೊಳೆಯಿತು.

ಅವರು ಸೀಲ್ ಇಲ್ಲದ ಎರಡನೇ ಸಂಚಿಕೆ ಎತ್ತಿಕೊಂಡು, ಓದಿ ಮುಗಿಸಿದ್ದನ್ನು ನನ್ನತ್ತ ಸರಿಸಿದರು. ಹಾಗೇ ಒಂದೊಂದಾಗಿ ಬಂದವು. ಮಧ್ಯಾಹ್ನದವರೆಗೂ ಇಬ್ಬರೂ ಓದಿದೆವು. ಸಂಗ್ರಹವನ್ನು ಅವರು ಮಾರಲಿಲ್ಲ.

ಒಂದು ಪುಸ್ತಕ ಎಷ್ಟು ಜನರಿಗೆ ಬೇಕು ಎಂಬುದರ ಮೇಲೆ ನಾವು ಬೆಲೆ ಹೇಳುತ್ತೇವೆ. ಯಾಕೆ ಬೇಕು ಎಂಬುದು ಓದಿದರಷ್ಟೇ ತಿಳಿಯುತ್ತದೆ. ಅಲ್ಲಿಂದ ನಿವೃತ್ತಿಯವರೆಗೆ, ಸಾವಾದ ಮನೆಗಳಲ್ಲಿ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಬೇರೆ: “ಇದನ್ನ ನೀವು ಓದಿದೀರಾ?”