ಗುಬ್ಬಿ ಕೂತ ಅಂಚು

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಸೀರೆ ಅಂಚಿಗೆ ನಕ್ಷೆ ಬರೆಯುವವರು ಯಾರೆಂದು ಕೇಳಿದರೆ ನನ್ನ ಮನೆಯನ್ನೇ ತೋರಿಸುತ್ತಾರೆ. ಮೊದಲು ಗ್ರಾಫ್ ಹಾಳೆಯ ಮೇಲೆ ಬರೆಯುತ್ತಿದ್ದೆ, ಆಮೇಲೆ ಕಂಪ್ಯೂಟರಿನಲ್ಲಿ. ಎರಡನ್ನೂ ಯಾರೂ ಕೂರಿಸಿ ಹೇಳಿಕೊಟ್ಟಿದ್ದಲ್ಲ.

ಫೈಲುಗಳಿಗೆ ನಾನು ಹೆಸರಿಡುತ್ತಿದ್ದುದು ನೇಯುವವರ ಬಾಯಲ್ಲಿ ಬಂದ ಹಾಗೆ. ಗುಬ್ಬಿ ಕೂತ ಅಂಚು. ದಪ್ಪ ಮಾವಿನಕಾಯಿ. ಘಾಟಿಯ ಅಕ್ಕ ಕೇಳಿದ್ದು. ಇಂಗ್ಲಿಷ್ ಅಕ್ಷರದಲ್ಲಿ, ಪದಗಳ ನಡುವೆ ಜಾಗ ಬಿಟ್ಟು. ಮೊದಲ ಕಂಪ್ಯೂಟರು ಹಳತಾದಾಗ ರಿಪೇರಿಯವನೊಬ್ಬ ಫೈಲುಗಳನ್ನೆಲ್ಲ ಹೊಸದಕ್ಕೆ ತುಂಬಿಕೊಟ್ಟಿದ್ದ.

ಪಕ್ಕದ ಮನೆಯ ಅಣ್ಣನ ಹತ್ತಿರ ಎರಡೇ ಮಗ್ಗ ಉಳಿದಿದ್ದವು. ಕೆಲಸವಿಲ್ಲದೆ ಅವನ್ನೂ ಗುಜರಿಗೆ ಹಾಕುವ ಮಾತಾಡುತ್ತಿದ್ದ. ಅಷ್ಟರಲ್ಲಿ ಬೆಂಗಳೂರಿನ ಅಂಗಡಿಯೊಂದು ಹಳೆಯ ಸೀರೆಯ ಫೋಟೋ ಕಳಿಸಿ, ಇದೇ ಅಂಚು ಬೇಕು, ಕೊಟ್ಟರೆ ವರ್ಷವಿಡೀ ಕೆಲಸ ಎಂದಿತು. ಅದು ನನ್ನ ಗುಬ್ಬಿ ಅಂಚು. ಫೋಟೋದಲ್ಲಿ ಅರ್ಧ ಅಂಚು ಮಡಿಕೆಯೊಳಗೆ ಮುಚ್ಚಿಹೋಗಿತ್ತು, ಸೀರೆ ಅಂಗಡಿಯವರ ಹತ್ತಿರವೂ ಇರಲಿಲ್ಲ. ನೆನಪಿನಿಂದ ಬರೆದು ಕಳಿಸಿದ್ದನ್ನು ಅಂಗಡಿಯವರು ಇದಲ್ಲ ಎಂದು ವಾಪಸು ಕಳಿಸಿದರು. ಇನ್ನು ಮೂಲ ಫೈಲೇ ಸಿಗಬೇಕಿತ್ತು.

ಹುಡುಕಲೆಂದೇ ನನ್ನ ಹತ್ತಿರ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳ ಪಟ್ಟಿ, ಇತ್ತು. ಹೆಸರನ್ನು ವೇರಿಯಬಲ್ ಎಂಬ ಖಾಲಿ ಡಬ್ಬಿಯಲ್ಲಿ ತುಂಬಿದರೆ ಡಿಸ್ಕನ್ನೆಲ್ಲ ಜಾಲಾಡುತ್ತದೆ. ಗುಬ್ಬಿ ಕೂತ ಅಂಚು ಎಂದು ಕೊಟ್ಟೆ. ಆಜ್ಞೆ ಓದುವ ಶೆಲ್ ಅದನ್ನು ಜಾಗವಿದ್ದಲ್ಲಿ ಕತ್ತರಿಸಿ ಮೂರು ತುಂಡು ಮಾಡಿ ತಪ್ಪಾಗಿದೆ ಎಂದು ಬೈಯಿತು. ಬರೀ ಗುಬ್ಬಿ ಎಂದು ಕೊಟ್ಟರೆ ಹಿಂದೆಮುಂದೆ ಏನಿದ್ದರೂ ಸರಿ ಎನ್ನುವ ಪಕ್ಕದ ನಕ್ಷತ್ರದ ಗುರುತನ್ನು ತಾನೇ ಬಿಡಿಸಿಕೊಂಡು, ನಾನು ನಿಂತಿದ್ದ ಫೋಲ್ಡರಿನ ಬೇರೆ ಯಾವುದೋ ಗುಬ್ಬಿಯನ್ನು ಹುಡುಕಿತು. ನನಗೆ ಸಮಾಧಾನವೇ ಆಯಿತು. ತಪ್ಪು ಸ್ಕ್ರಿಪ್ಟಿನದು, ಅಂದರೆ ಫೈಲ್ ಎಲ್ಲೋ ಇದೆ.

ಹೆಸರಿನ ಎರಡೂ ಬದಿಗೆ ಒಂಟಿ ಕೋಟ್, ಅಂದರೆ ಒಂಟಿ ಉದ್ಧರಣ ಚಿಹ್ನೆ, ಹಾಕಿ ನೋಡಿದೆ. ವೇರಿಯಬಲ್ ಬಿಚ್ಚಿಕೊಳ್ಳಲೇ ಇಲ್ಲ. ಒಳಗಿನ ಹೆಸರು ಬಿಟ್ಟು, ಡಾಲರ್ ಗುರುತು ಇರುವ ಡಬ್ಬಿಯ ಹೆಸರನ್ನೇ ಹುಡುಕುತ್ತಾ ಕೂತಿತು. ಕೊನೆಗೆ ಜೋಡಿ ಕೋಟ್ ಹಾಕಿದೆ:

find "$jaaga" -name "*$hesaru*"

ಬೈಗುಳವಿಲ್ಲ. ಡಿಸ್ಕ್ ಪೂರ್ತಿ ಸುತ್ತಿ ಬಂತು. ತೋರಿಸಿದ್ದು ಏನೂ ಇಲ್ಲ.

ಇನ್ನೂ ಸ್ಕ್ರಿಪ್ಟಿನ ಮೇಲೇ ಅನುಮಾನ. ಪರೀಕ್ಷೆಗೆಂದು ಅದೇ ಹೆಸರಿನ ಖಾಲಿ ಫೈಲೊಂದನ್ನು ಮಾಡಿಟ್ಟು ಮತ್ತೆ ಓಡಿಸಿದೆ. ತಕ್ಷಣ ಒಂದು ಸಾಲು ಬಂತು. ಅದೇ ಹೊತ್ತಿಗೆ ಅಣ್ಣ ಟೀ ಹಿಡಿದು ಬಂದವನು ಪರದೆ ನೋಡಿಬಿಟ್ಟ.

“ಸಿಕ್ತಲ್ಲೋ ಗುರು. ಆಗಿಂದ ಇದನ್ನ ಎಲ್ಲಿ ಬಚ್ಚಿಟ್ಟಿದ್ಯೋ, ಕಳ್ಳ.”

ಅವನು ಆಗಲೇ ಅಂಗಡಿಯವರಿಗೆ ಹೇಳಲು ಫೋನ್ ತೆಗೆದಿದ್ದ. ನಾನು ಕೈ ಹಿಡಿದೆ.

“ಅದು ನಾನೇ ಈಗ ಮಾಡಿದ್ದು ಕಣಣ್ಣ. ಸ್ಕ್ರಿಪ್ಟ್ ಸರಿಯಾಗಿದ್ಯಾ ನೋಡೋಕೆ.”

“ಒಳಗೇನಿಲ್ವಾ?”

“ಇಲ್ಲ. ಹೆಸರು ಮಾತ್ರ.”

ಹಾಗಾದರೆ ನಿಜವಾದದ್ದು ಎಲ್ಲಿ ಹೋಯಿತು ಎಂದು ಕೇಳಿದ. ಅವನ ಎದುರೇ ಡಿಸ್ಕಿನ ಹೆಸರುಗಳನ್ನೆಲ್ಲ ನೋಡುತ್ತಾ ಹೋದೆ. ಹಳೆಯ ಕಂಪ್ಯೂಟರಿನಿಂದ ಬಂದವುಗಳಲ್ಲಿ ನಡುವೆ ಜಾಗವಿರುವ ಹೆಸರು ಒಂದೂ ಇರಲಿಲ್ಲ. ಅವತ್ತು ಫೈಲುಗಳನ್ನು ಇಲ್ಲಿಗೆ ತುಂಬಿಕೊಟ್ಟ ರಿಪೇರಿಯವನ ಸ್ಕ್ರಿಪ್ಟಿನಲ್ಲೂ ಇದೇ ಕೋಟ್ ಇರಲಿಲ್ಲವೆಂದು ಕಾಣುತ್ತದೆ. ಒಂದೇ ಪದದ ಹೆಸರಿನವು ದಾಟಿ ಬಂದಿದ್ದವು. ಜನ ಬಾಯ್ತುಂಬ ಕರೆದು ಹೆಸರಿಟ್ಟವೆಲ್ಲ ಅಲ್ಲೇ ಉಳಿದಿದ್ದವು. ಆ ಕಂಪ್ಯೂಟರು ಗುಜರಿಗೆ ಹೋಗಿ ವರ್ಷಗಳಾಗಿದ್ದವು.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಟೀ ಆರೋಯ್ತದೆ, ಕುಡಿ,” ಎಂದು ಎದ್ದುಹೋದ.

ಮಗ್ಗದ ಮೇಲಿದ್ದ ಹಾಸುನೂಲು ಮುಗಿಯುವ ತನಕ ಅಣ್ಣ ಅಂಚಿಲ್ಲದ ಬಿಳಿ ಬಟ್ಟೆ ನೇಯ್ದ. ಆಮೇಲೆ ಗೋಡೆಯಾಚೆಯ ಸದ್ದು ನಿಂತಿತು. ನನ್ನ ಸ್ಕ್ರಿಪ್ಟ್ ಈಗ ಸರಿಯಾಗಿದೆ. ಇವತ್ತು ಓಡಿಸಿದರೂ ಆ ಒಂದು ಸಾಲು ತೋರಿಸುತ್ತದೆ.