ಮಡಚದ ಎರಡು ಬೆರಳು

ನಮ್ಮ ಮಾವನವರ ಬಲಗೈಯ ಕೊನೆಯ ಎರಡು ಬೆರಳು ಮಡಚುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಅವೆರಡೂ ಮುನಿಸಿಕೊಂಡ ಬೀಗರ ಹಾಗೆ ಬೇರೆ ದಿಕ್ಕಿಗೆ ಮುಖಮಾಡಿ ನಿಂತಿರುತ್ತಿದ್ದವು. ಮೊಮ್ಮಕ್ಕಳು ಅವನ್ನು ಹಿಡಿದೆಳೆದು ಆಡುತ್ತಿದ್ದರು. ಅದನ್ನು ನೋಡುತ್ತ ಉಣ್ಣುವುದು ನನಗೆ ಎಂದೂ ಸಲೀಸಾಗಲಿಲ್ಲ.

ಅವರು ರಬಕವಿಯ ಕೃಷ್ಣಾ ದಂಡೆಯಲ್ಲಿ ದೋಣಿ ನಡೆಸುತ್ತಿದ್ದವರು. ನಾನು ಅದೇ ಊರಿನ ಕೈಮಗ್ಗದ ನೇಕಾರ. ಓಣಿ ತುಂಬ ವಿದ್ಯುತ್ ಮಗ್ಗಗಳ ಸದ್ದು ಶುರುವಾಗಿ ನನ್ನ ಮಗ್ಗ ನಿಂತುಹೋಯಿತು. ಅವರಿಗೆ ಗಂಡುಮಕ್ಕಳಿರಲಿಲ್ಲ. "ದೋಣಿ ನಿಮಗ ಕೊಡ್ತೀನ್ರಿ ಅಳಿಯಾರ. ಖರೆ, ತುಂಬಿದ ಹೊಳಿ ನೆಟ್ಟಗ ದಾಟಿ ತೋರಸ್ರಿ ಮೊದಲ" ಎಂದರು. ಎರಡು ಮಕ್ಕಳ ತಂದೆ ನಾನು. ಬೇರೆ ದಾರಿ ಇರಲಿಲ್ಲ.

ದಂಡೆಯ ಮೇಲೆ ಅವರಂಥ ಮರ್ಯಾದಸ್ಥರಿಲ್ಲ. ನಾನು ಹೋದರೆ ಹೊರಸಿನಿಂದ ಎದ್ದು ನಿಲ್ಲುವರು, ಕಾಲಿಗೆ ನೀರು ಕೊಡಿಸುವರು. ದೋಣಿಯಲ್ಲಿ ಕಾಲಿಟ್ಟೆನೋ, ಅಳಿಯತನವೆಲ್ಲ ದಂಡೆಯಲ್ಲೇ ಉಳಿಯುತ್ತಿತ್ತು. ಅವರ ಕೈಗೆ ಒದ್ದೆ ಹಗ್ಗದ ತುಂಡು ಬರುತ್ತಿತ್ತು.

ಒಂದೊಂದು ಕೈಗೆ ಒಂದೊಂದು ಹುಟ್ಟು. ನೇಕಾರನಿಗೆ ಅಲ್ಲಿಯೇ ಎಡವಟ್ಟು. ಮಗ್ಗದಲ್ಲಿ ಬಲಗೈ ಲಾಳಿಯ ಹಗ್ಗ ಜಗ್ಗಿದ ಮೇಲೆ ಎಡಗೈ ನೂಲನ್ನು ಬಡಿದು ಕೂರಿಸಬೇಕು. ಹದಿನೈದು ವರ್ಷ ಹಾಗೆ ದುಡಿದ ಕೈಗಳು ಹೊಳೆಯಲ್ಲೂ ಹಾಗೇ ಮಾಡಿದವು. ಬಲಗೈ ಝಾಡಿಸುತ್ತಿತ್ತು, ಎಡಗೈ ತಡವಾಗಿ ಬರುತ್ತಿತ್ತು, ದೋಣಿ ಗಾಣದ ಎತ್ತಿನಂತೆ ಸುತ್ತುತ್ತಿತ್ತು. "ಮತ್ತ ಸೀರಿ ನೇಯಾಕತ್ತಿ ಏನಲೇ" ಎಂದು ಮೊಣಕೈ ಗಂಟಿಗೇ ಬಾರಿಸುತ್ತಿದ್ದರು.

ಬ್ಯಾರೇಜಿನ ಹಿನ್ನೀರು ನಿಂತ ಜಾಗದಲ್ಲಿ ದಿನಾ ಮುಂಜಾನೆ ತಾಲೀಮು. ಸೊಂಟ ಬಗ್ಗಿಸದೆ ಬರೀ ತೋಳಿನಿಂದ ನೂರು ಎಳೆತ. ಆಮೇಲೆ ಎಳೆದು ತಡೆಯುವುದು: ಹುಟ್ಟುಗಳನ್ನು ನೀರಿನ ಮೇಲೆ ಚಪ್ಪಟೆಯಾಗಿ ಹಿಡಿದು, ಅವರು ಹೂಂ ಎನ್ನುವವರೆಗೆ ಅಲುಗಾಡಬಾರದು. ಎದುರಿನ ಹಲಗೆಯ ಮೇಲೆ ತುಂಬಿದ ಹಿತ್ತಾಳೆ ಚರಿಗೆ. ನೀರು ತುಳುಕಿದರೆ ಹಗ್ಗ ಬೆನ್ನಿಗೆ. ಬಲಗೈಯನ್ನು ಸೊಂಟಕ್ಕೆ ಕಟ್ಟಿ ಒಂದು ತಿಂಗಳು ಎಡಗೈಯಿಂದಷ್ಟೇ ಎಳೆಸಿದರು. ಮನೆಗೆ ಬಂದು ಅಂಗಿ ಬಿಚ್ಚಿದರೆ ಹೆಂಡತಿ ಬಾಸುಂಡೆಗೆ ಎಣ್ಣೆ ಹಚ್ಚುತ್ತ, "ನಮ್ಮಪ್ಪಗ ಬುದ್ಧಿ ಇಲ್ಲ" ಎನ್ನುತ್ತಿದ್ದಳು.

ಒಂದು ದಿನ ಹಗ್ಗದ ಏಟಿಗೆ ಕಿವಿ ಹರಿದು ರಕ್ತ ಬಂತು. ನಾನು ಹಗ್ಗ ಕಸಿದು ಅವರ ಕುತ್ತಿಗೆಗೇ ಕೈ ಹಾಕಿದೆ. ಅವರು ನನ್ನನ್ನು ಎತ್ತಿ ನೀರಿಗೆ ಒಗೆದರು. ಉಸಿರು ಸಿಗದೆ ಹುಟ್ಟು ಹಿಡಿದರೆ, ಚರಿಗೆಯಿಂದ ನನ್ನ ಬೆರಳಿಗೆ ಹೊಡೆದರು. ಕೈ ಬಿಟ್ಟ ಮೇಲೆ ದೋಣಿಗೆ ಕಟ್ಟಿದ್ದ ಉದ್ದ ಹಗ್ಗ ಎಸೆದರು.

"ತಿಳೀತೇನು? ಹುಟ್ಟು ಹಿಡದವನ ಕೈಗೆ ಮೊದಲ ಹೊಡೀಬೇಕು. ಆಮ್ಯಾಲ ಹಗ್ಗಾ ಒಗೀಬೇಕು. ಹುಟ್ಟು ಹೋದ್ರ ದೋಣ್ಯಾಗಿದ್ದವರೆಲ್ಲಾ ಹೋಗ್ತಾರ. ಹಿಡದಾಂವ ಯಾರರೆ ಇರಲಿ."

ಈ ಮುದುಕನನ್ನು ಒಂದು ದಿನ ಕೊಂದೇಬಿಡುತ್ತೇನೆ ಎಂದುಕೊಂಡೆ. ಸುಮ್ಮನೆ ಅಲ್ಲ, ಖರೇನೇ ಅಂದುಕೊಂಡಿದ್ದೆ.

ಆ ಮಳೆಗಾಲ ಹೊಳೆ ದಂಡೆ ಬಿಟ್ಟು ಕಬ್ಬಿನ ಗದ್ದೆಗಳಿಗೆ ನುಗ್ಗಿತು. ಆಚೆ ದಂಡೆಯ ತೋಟದ ಮನೆಯಲ್ಲಿ ಒಂಬತ್ತು ಜನ ಸಿಕ್ಕಿಬಿದ್ದಿದ್ದರು. ಅವರನ್ನು ಕೂರಿಸಿಕೊಂಡು ಬರುವಾಗ ಹುಟ್ಟು ನನ್ನ ಕೈಯಲ್ಲಿತ್ತು, ಮಾವನವರು ಮುಂದೆ ನಿಂತು ಗಳದಿಂದ ತೇಲಿಬರುವ ಮರ ತಳ್ಳುತ್ತಿದ್ದರು. ಬೇರುಸಹಿತ ಬಂದ ಒಂದು ಜಾಲಿಮರ ಬಡಿದು ಅವರನ್ನು ನೀರಿಗೆ ಕೆಡವಿತು. ಮುಳುಗಿ ಎದ್ದವರು ದೋಣಿಯ ಅಂಚಿನ ಹತ್ತಿರ ಬಲಗಡೆಯ ಹುಟ್ಟು ಹಿಡಿದುಕೊಂಡರು. ದೋಣಿ ಸೆಳೆತಕ್ಕೆ ಅಡ್ಡ ತಿರುಗಿತು, ನೀರು ಒಳಗೆ ನುಗ್ಗಿತು, ಕೂಸು ಎತ್ತಿಕೊಂಡಿದ್ದ ಹೆಂಗಸು ಚೀರಿದಳು.

ಅವರು ನನ್ನ ಮುಖ ನೋಡಿದರು. ಕೈ ಬಿಡಲಿಲ್ಲ. ಬಿಡಬೇಕೆಂದು ಅವರಿಗೆ ಗೊತ್ತಿತ್ತು, ಕೈಗಳು ಕೇಳಲಿಲ್ಲ. ನಾನು ಎಡಗಡೆಯ ಹುಟ್ಟು ಬಿಟ್ಟು, ನೀರು ತೋಡಲು ಇಟ್ಟಿದ್ದ ಅದೇ ಚರಿಗೆ ಎತ್ತಿಕೊಂಡು ಅವರ ಬೆರಳಿಗೆ ಹೊಡೆದೆ. ಬಿಡಲಿಲ್ಲ. ಮತ್ತೊಮ್ಮೆ ಹೊಡೆದೆ. ಎಲುಬು ಮುರಿದ ಸದ್ದು ಆ ಹೊಳೆಯ ಆರ್ಭಟದಲ್ಲೂ ನನಗೆ ಕೇಳಿಸಿತು. ಅವರು ಕೈಬಿಟ್ಟರು. ಆ ಹೆಂಗಸಿನ ಗಂಡ ಹಗ್ಗ ಎಸೆದ. ನಾನು ದೋಣಿ ನೆಟ್ಟಗೆ ಮಾಡಿ ಎಳೆದೆ, ಎರಡೂ ಕೈ ಒಂದೇ ಸಮನೆ. ಅವರು ಹಗ್ಗಕ್ಕೆ ಜೋತು ದಂಡೆಯವರೆಗೆ ಬಂದರು.

ಅಳಿಯ ಮಾವನನ್ನು ಹೊಡೆದು ಮುಳುಗಿಸಲು ನೋಡಿದ ಎಂದು ಊರು ಆಡಿಕೊಂಡಿತು. ಹೆಂಡತಿ ನನ್ನ ಕೂಡ ಮಾತು ಬಿಟ್ಟಳು. ಮಾವನವರು ಪಟ್ಟಿ ಕಟ್ಟಿದ ಕೈ ಎತ್ತಿ ನಾಲ್ಕು ಜನರೆದುರು ಮಗಳಿಗೆ ಹೇಳಿದರು: "ನಾನ ಕಲಿಸೀನಿ. ಅಂವ ಹೊಡೀದ ಇದ್ದಿದ್ರ ಒಂಬತ್ತು ಹೆಣ ಎತ್ತತಿದ್ದಿರಿ." ಆಮೇಲೆ ನನ್ನ ಕಡೆ ತಿರುಗಿ, "ಮೊದಲನೇ ಏಟು ಮೆತ್ತಗ ಆತ್ರಿ ಅಳಿಯಾರ. ಇನ್ನೂ ತಾಲೀಮು ಬೇಕು" ಎಂದರು. ದೋಣಿಯನ್ನು ಅಂದೇ ನನಗೆ ಬಿಟ್ಟುಕೊಟ್ಟರು. ಆ ಕೈ ಮತ್ತೆ ಹುಟ್ಟು ಹಿಡಿಯಲಿಲ್ಲ.

ಐದಾರು ವರ್ಷದ ಮೇಲೆ ಜ್ವರ ಬಂದು ಹಾಸಿಗೆಯಲ್ಲೇ ತೀರಿಕೊಂಡರು. ಮೈತೊಳೆದ ಮೇಲೆ ಯಾರೋ ಎದೆಯ ಮೇಲೆ ಕೈ ಜೋಡಿಸಲು ಆ ಎರಡು ಬೆರಳುಗಳನ್ನು ಒತ್ತತೊಡಗಿದರು.

"ಒತ್ತಬ್ಯಾಡ್ರಿ. ಅವು ಮಡಚೂದಿಲ್ಲ" ಎಂದೆ.

ಆ ಬೆರಳುಗಳನ್ನು ನನ್ನ ಎಡಗೈಯಲ್ಲಿ ಹಿಡಿದುಕೊಂಡು ಕುಳಿತೆ. ಹೊರುವವರು ಬಂದು ಬಿಡಿಸುವವರೆಗೂ ಬಿಡಲಿಲ್ಲ.